ಪರಮೇಶ್ವರಪ್ಪ ಮೇಷ್ಟ್ರು ಪೇಟೆಗೆ ಕರೆತಂದ ಮಕ್ಕಳು

ಜೂನ್ ತಿಂಗಳ ಮೊದಲ ವಾರ ಪರಮೇಶ್ವರಪ್ಪ ಮೇಷ್ಟ್ರು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆಂದರೆ ಅವರ ಹಿಂದೆ ಒಂದು ಮಗು ಇಳಿಯಲೇಬೇಕು. ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಟ್ರಂಕು, ಇನ್ನೇನು ಅತ್ತುಬಿಡುತ್ತದೆ ಎನ್ನುವಂಥ ಮುಖ. ಮೇಷ್ಟ್ರು ಮಾತ್ರ ದಿಬ್ಬಣದ ಮುಂದೆ ನಡೆಯುವವರ ಹಾಗೆ ಕೊಡೆ ಬೀಸುತ್ತ ಹೈಸ್ಕೂಲಿನ ಕಡೆ ಹೊರಡುವರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಮಾತು: "ನಮ್ಮೂರಿಂದು. ಹತ್ತನೇ ಕ್ಲಾಸು. ನೋಡ್ತಾ ಇರಿ ನೀವು."

ನಮ್ಮೂರು ಎಂದರೆ ಹಿರೇಕೊಡಿಗೆ ಕಡೆಯ ಒಂದು ಹಳ್ಳಿ. ಮೇಷ್ಟ್ರು ಅಲ್ಲಿಯ ಪ್ರಾಥಮಿಕ ಶಾಲೆಗೆ ಇಪ್ಪತ್ತಮೂರನೇ ವಯಸ್ಸಿನಲ್ಲಿ ಬಂದವರು ಅಲ್ಲಿಯೇ ಮುದುಕರಾದರು. ಮಕ್ಕಳಿಲ್ಲ. ಹೆಂಡತಿ ತುಂಗಮ್ಮ, ಎರಡು ಕೋಣೆಯ ಮನೆ, ಒಂದು ಹಸು. ಏಳನೇ ತರಗತಿ ಮುಗಿಸಿ ಪಕ್ಕದ ಹೈಸ್ಕೂಲಿಗೆ ಹೋದ ಮಕ್ಕಳನ್ನೂ ಅವರು ಬಿಡುತ್ತಿರಲಿಲ್ಲ. ಸಂಜೆ ಕರೆದು ಜಗಲಿಯಲ್ಲಿ ಕೂರಿಸಿ ಲೆಕ್ಕ ಹೇಳಿಕೊಡುವರು. ತಪ್ಪು ಮಾಡಿದರೆ ಕಿವಿ ಹಿಂಡುವರು, ಸರಿ ಮಾಡಿದರೆ ತುಂಗಮ್ಮನ ಕೈಯಲ್ಲಿ ಅವಲಕ್ಕಿ ಕೊಡಿಸುವರು. ನಾನು ಎರಡನ್ನೂ ಬೇಕಾದಷ್ಟು ತಿಂದಿದ್ದೇನೆ.

ಆ ಹೈಸ್ಕೂಲಿನಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಮೇಷ್ಟ್ರು ನಿಲ್ಲುತ್ತಿರಲಿಲ್ಲ. ಬಂದವರು ಒಂದು ಮಳೆಗಾಲ ಕಂಡೊಡನೆ ವರ್ಗ ಮಾಡಿಸಿಕೊಂಡು ಘಟ್ಟ ಇಳಿದುಬಿಡುವರು. ಅದಕ್ಕೇ ಪರಮೇಶ್ವರಪ್ಪ ಮೇಷ್ಟ್ರು ಒಂದು ಪದ್ಧತಿ ಹುಟ್ಟುಹಾಕಿದ್ದರು. ಒಂಬತ್ತನೇ ತರಗತಿವರೆಗೆ ಹಳ್ಳಿ, ಕಡೆಯ ಒಂದು ವರ್ಷ ಕೊಪ್ಪ. ವರ್ಷಕ್ಕೊಂದೋ ಎರಡು ವರ್ಷಕ್ಕೊಂದೋ ಚುರುಕಾದ ಮಗುವನ್ನು ಆರಿಸಿ, ಅಪ್ಪ ಅಮ್ಮನನ್ನು ಒಪ್ಪಿಸಿ, ಉಳಿಯಲು ಹಾಸ್ಟೆಲ್ಲೋ ನೆಂಟರ ಮನೆಯೋ ನೋಡಿ, ತಾವೇ ಸೇರಿಸಿ ಬರುವರು. ಎಸ್ಸೆಸ್ಸೆಲ್ಸಿ ಅಂಕ ಚೆನ್ನಾಗಿ ಬಂದರೆ ಮಗು ಗೆದ್ದ ಹಾಗೆ ಎಂಬುದು ಅವರ ನಂಬಿಕೆ. ಅವರೊಬ್ಬರದ್ದಲ್ಲ, ಆ ಕಾಲದಲ್ಲಿ ನಮ್ಮ ಸೀಮೆಯ ಎಲ್ಲರ ನಂಬಿಕೆ.

ಹಾಗೆ ಕೊಪ್ಪಕ್ಕೆ ಬಂದ ಮೊದಲ ಮಗು ನಾನೇ. ಸಾವಿರದ ಒಂಬೈನೂರ ಎಂಬತ್ತರಲ್ಲಿ. ಮೊದಲ ದರ್ಜೆಯಲ್ಲಿ ಪಾಸಾದೆ, ಮುಂದೆ ಪರೀಕ್ಷೆ ಬರೆದು ಗುಮಾಸ್ತನಾದೆ, ತಾಲ್ಲೂಕಿನ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಮೇಜು ಕುರ್ಚಿ ಸಿಕ್ಕಿತು. ಮೇಷ್ಟ್ರಿಗೆ ನಾನೇ ಒಂದು ದೊಡ್ಡ ಉದಾಹರಣೆ. "ನಮ್ಮ ರಘುಪತಿಯನ್ನ ನೋಡು, ಕಟ್ಟೆ ಮೇಲೆ ಕೂತು ಮೂಗು ಸುರಿಸ್ತಿದ್ದ, ಈಗ ಸರ್ಕಾರದ ಸೀಲು ಅವನ ಕೈಯಲ್ಲಿದೆ" ಎಂದು ಮಕ್ಕಳೆದುರು ಹೇಳುತ್ತಿದ್ದರಂತೆ. ಸೀಲು ಸಾಹೇಬರದ್ದು, ಒತ್ತುವ ಕೈ ಮಾತ್ರ ನನ್ನದು ಎಂದು ಎಷ್ಟು ಸಲ ಹೇಳಿದರೂ ಅವರು ಕೇಳುತ್ತಿರಲಿಲ್ಲ.

ಆ ಸೀಲಿನ ವಿಷಯವನ್ನೇ ಈಗ ಹೇಳಬೇಕು. ಮೆಡಿಕಲ್ಲು, ಎಂಜಿನಿಯರಿಂಗ್ ಸೀಟುಗಳಲ್ಲಿ ನೂರಕ್ಕೆ ಹದಿನೈದನ್ನು ಹಳ್ಳಿ ಶಾಲೆಯಲ್ಲಿ ಓದಿದ ಮಕ್ಕಳಿಗೆಂದು ತೆಗೆದಿಡುವ ನಿಯಮ ಬಂತು. ಒಳ್ಳೆಯ ನಿಯಮವೇ. ಆದರೆ ಅದಕ್ಕೊಂದು ಷರತ್ತು: ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಪಟ್ಟಣ ಪಂಚಾಯಿತಿಯೊಳಗಿನ ಶಾಲೆಯಲ್ಲಿ ಒಂದು ವರ್ಷ ಕೂತಿದ್ದರೂ ಕೆಟ್ಟಿತು. ನಮ್ಮ ಕೊಪ್ಪ, ಆಚೆ ಶೃಂಗೇರಿ, ಈಚೆ ನರಸಿಂಹರಾಜಪುರ ಮೂರೂ ಪಟ್ಟಣ ಪಂಚಾಯಿತಿಗಳು. ಈ ಬದಿಯಿಂದ ಆ ಬದಿಗೆ ನಡೆದರೆ ಒಂದು ಬೀಡಿ ಮುಗಿಯುವುದಿಲ್ಲ, ಆದರೂ ಸರ್ಕಾರದ ಕಣ್ಣಿಗೆ ಪಟ್ಟಣ. ಮಕ್ಕಳು ತರುವ ಗ್ರಾಮೀಣ ಪ್ರಮಾಣಪತ್ರದ ಮೇಲೆ ನಮ್ಮ ಸಾಹೇಬರ ಸಹಿ ಬೇಕು. ಸಹಿಗೆ ಮೊದಲು ಹತ್ತು ವರ್ಷದ ಕಾಲಂಗಳನ್ನು ಸಾಲಾಗಿ ನೋಡಿ ಒಳಗೆ ಕಳಿಸುವುದು ನನ್ನ ಕೆಲಸ.

ಎರಡು ಸಾವಿರದ ಇಸವಿಯಲ್ಲಿ ಅರುಣ ಎಂಬ ಹುಡುಗ ಬಂದ. ಮೇಷ್ಟ್ರೇ ಪೇಟೆಗೆ ತಂದು ಸೇರಿಸಿದವನು. ಹತ್ತನೇ ಕಾಲಂನಲ್ಲಿ ಕೊಪ್ಪ ಎಂದಿತ್ತು. ಆಗುವುದಿಲ್ಲ ಎಂದು ಹಿಂದೆ ಕೊಟ್ಟೆ. ಅವನಿಗೆ ಸಾಮಾನ್ಯ ಪಟ್ಟಿಯಲ್ಲೇ ಎಂಜಿನಿಯರಿಂಗ್ ಸೀಟು ಸಿಕ್ಕಿತು, ನನ್ನ ಎದೆಭಾರ ಇಳಿಯಿತು. ಮರುವರ್ಷ ಮೋಹಿತ್ ಬಂದ. ಅವನದ್ದನ್ನೂ ಹಿಂದೆ ಕೊಟ್ಟೆ. ಅವನಿಗೆ ಮುಂದೆ ಸೀಟು ಸಿಗಲಿಲ್ಲ. ಹಿಂದೆ ಕೊಟ್ಟ ದಿನ ಅವನ ಅಪ್ಪ ಕಿಟಕಿಯ ಹತ್ತಿರ ನಿಂತು, "ಮೇಷ್ಟ್ರಿಗೆ ಹೇಳ್ಬೇಕನಾ ಇದನ್ನ?" ಎಂದು ಕೇಳಿದ. "ಬೇಡ ಮಾರಾಯ, ಪಾಪ, ಮನಸ್ಸಿಗೆ ಹಚ್ಚಿಕೊಳ್ತಾರೆ" ಎಂದೆ.

ಯಾಕೆ ಹಾಗೆ ಹೇಳಿದೆ? ಆ ಪ್ರಶ್ನೆಯನ್ನು ಸಾವಿರ ಸಲ ಕೇಳಿಕೊಂಡಿದ್ದೇನೆ. ಮೇಷ್ಟ್ರ ಮೇಲಿನ ಪ್ರೀತಿ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ಸತ್ಯ. ಇನ್ನರ್ಧ ಹೇಡಿತನ. ಅವರ ಬಾಯಲ್ಲಿ ನನ್ನ ಹೊಗಳಿಕೆ ಕೇಳಿ ಕೇಳಿ ರುಚಿ ಹತ್ತಿತ್ತು. 'ನೀವು ಮಾಡುತ್ತಿರುವುದು ಈಗ ತಪ್ಪಾಗುತ್ತಿದೆ' ಎಂದು ಆ ಮುಖಕ್ಕೆ ಹೇಳುವುದು ನನಗೆ ಬೇಡವಾಗಿತ್ತು.

ಅದೇ ವರ್ಷ ಜೂನಿನಲ್ಲಿ ಮೇಷ್ಟ್ರು ನನ್ನ ಆಫೀಸಿಗೇ ಬಂದರು. ಜೊತೆಗೆ ಒಂದು ಹುಡುಗಿ. "ಪುಟ್ಟಪ್ಪನ ಮಗಳು ಸೌಂದರ್ಯಾ. ಇವಳನ್ನ ನೋಡಿಟ್ಕೋ ರಘು. ಮೂವತ್ತು ವರ್ಷದಲ್ಲಿ ಇಂಥ ತಲೆ ನಾ ಕಂಡಿಲ್ಲ. ಡಾಕ್ಟ್ರಾಗ್ತಾಳೆ ಇವಳು" ಎಂದರು. ಅವಳು ನನ್ನ ಎದುರಿನ ಸ್ಟೂಲಿನ ಮೇಲೆ ಮುದುಡಿಕೊಂಡು ಕೂತಳು. ಪುಟ್ಟಪ್ಪ ನನಗೆ ಗೊತ್ತಿದ್ದವನೇ. ಗದ್ದೆ ಮಾಡಿಕೊಂಡಿರುವವನು, ಮಾತು ಕಡಿಮೆ. ಹೆಂಡತಿ ಅನ್ನಮ್ಮನಿಗೆ ಹೆರಿಗೆಯಲ್ಲಿ ಡಾಕ್ಟರು ಸಿಗದೆ ಒಂದು ಮಗು ಹೋಗಿತ್ತು. ಈ ಹುಡುಗಿ ಆಮೇಲೆ ಹುಟ್ಟಿದವಳು.

"ಹೌದನಾ ಪುಟ್ಟಿ, ಡಾಕ್ಟ್ರಾಗ್ತೀಯನಾ?" ಎಂದೆ.

"ಆಗ್ತೀನಿ" ಎಂದಳು. ನಾಚಿಕೆಯಿಲ್ಲ, ಜಂಭವೂ ಇಲ್ಲ. ನಾಳೆ ಗದ್ದೆಗೆ ಹೋಗುತ್ತೀಯಾ ಎಂದರೆ ಹೋಗುತ್ತೇನೆ ಎನ್ನುವ ಹಾಗೆ ಹೇಳಿದಳು.

ವರ್ಗಾವಣೆ ಪತ್ರ ಮೇಷ್ಟ್ರ ಜೇಬಿನಲ್ಲಿತ್ತು. ಇನ್ನೂ ಕೊಪ್ಪದ ಶಾಲೆಗೆ ಕೊಟ್ಟಿರಲಿಲ್ಲ. ಒಂದು ಮಾತು ಸಾಕಿತ್ತು. ಮೇಷ್ಟ್ರೇ, ಇವಳನ್ನು ವಾಪಸ್ ಕರೆದುಕೊಂಡು ಹೋಗಿ, ಹಳ್ಳಿಯಲ್ಲೇ ಹತ್ತನೇದು ಮುಗಿಸಲಿ, ನಿಯಮ ಹೀಗಿದೆ. ಅಷ್ಟೇ. ನಾನು ಏನು ಮಾಡಿದೆ ಗೊತ್ತೇ? ಹೋಟೆಲಿನಿಂದ ಮೂರು ಚಹಾ ತರಿಸಿದೆ. ಹುಡುಗಿಗೆ ಎರಡು ಗೋಳಿಬಜೆ ಹೆಚ್ಚಿಗೆ ತರಿಸಿದೆ. ಈ ಹುಡುಗಿಗೆ ಕೋಟಾ ಯಾಕೆ, ಸಾಮಾನ್ಯ ಪಟ್ಟಿಯಲ್ಲೇ ಬಂದುಬಿಡುತ್ತಾಳೆ ಎಂದು ಅಂದುಕೊಂಡೆ. ಚಹಾ ಕುಡಿದು ಅವರಿಬ್ಬರೂ ಹೈಸ್ಕೂಲಿಗೆ ಹೋದರು.

ಸೌಂದರ್ಯಾ ಆರುನೂರ ಇಪ್ಪತ್ತೈದಕ್ಕೆ ಐನೂರ ತೊಂಬತ್ತೊಂದು ತೆಗೆದಳು. ಮೇಷ್ಟ್ರು ಕೊಪ್ಪದ ಪೇಟೆ ತುಂಬ ಪೇಡ ಹಂಚಿದರು. ನಿವೃತ್ತಿಗೆ ಒಂದು ವರ್ಷ ಇತ್ತು. "ಇನ್ನು ಪೆನ್ಶನ್ ಬರದಿದ್ರೂ ಚಿಂತೆ ಇಲ್ಲ ಮಾರಾಯ" ಎಂದು ನನ್ನ ಬಾಯಿಗೂ ಒಂದು ಪೇಡ ತುರುಕಿದರು. ಆ ಐನೂರ ತೊಂಬತ್ತೊಂದಕ್ಕೆ ಮೆಡಿಕಲ್ ಸೀಟಿನ ಪಟ್ಟಿಯಲ್ಲಿ ಯಾವ ಬೆಲೆಯೂ ಇಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಹತ್ತನೇ ತರಗತಿಯ ಅಂಕವನ್ನು ಯಾರೂ ಕೇಳುವುದಿಲ್ಲ. ಅದನ್ನು ಯಾವ ಊರಿನಲ್ಲಿ ತೆಗೆದೆ ಎಂಬುದನ್ನು ಮಾತ್ರ ಕೇಳುತ್ತಾರೆ.

ಎರಡು ವರ್ಷ ಕಳೆದು, ಎರಡು ಸಾವಿರದ ನಾಲ್ಕರ ಆರಂಭದಲ್ಲಿ ಮೇಷ್ಟ್ರು ಸೌಂದರ್ಯಾಳ ಗ್ರಾಮೀಣ ಪ್ರಮಾಣಪತ್ರ ಹಿಡಿದು ಬಂದರು. ಆಗ ನಿವೃತ್ತರಾಗಿದ್ದರು. ಕಾಲಂಗಳನ್ನು ತಮ್ಮ ಗುಂಡು ಅಕ್ಷರದಲ್ಲಿ ತಾವೇ ತುಂಬಿದ್ದರು. ಒಂಬತ್ತು ಸಾಲಿನಲ್ಲಿ ಹಳ್ಳಿ ಶಾಲೆ, ಹತ್ತನೆಯ ಸಾಲಿನಲ್ಲಿ ಕೊಪ್ಪ. ಸುಳ್ಳು ಬರೆಯುವುದು ಅವರಿಗೆ ಹೊಳೆದೇ ಇರಲಿಲ್ಲ.

"ಮೇಷ್ಟ್ರೇ, ಇದು ಆಗೋದಿಲ್ಲ" ಎಂದೆ.

"ಎಂತಕ್ಕೆ ಆಗಲ್ಲ? ಹಳ್ಳಿ ಹುಡುಗಿ ಅಲ್ವನಾ ಅವಳು?"

"ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು."

ಅವರು ನಕ್ಕರು. "ಒಂಬತ್ತು ಓದಿದ್ದಾಳಲ್ಲ ಮಾರಾಯ! ಒಂದು ವರ್ಷಕ್ಕೆ ಎಂತ ಆಗ್ತದೆ?" ನಾನು ನಿಯಮದ ಹಾಳೆ ತೆಗೆದು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಹಾಳೆಯನ್ನು ಮೇಜಿನ ಮೇಲಿಟ್ಟು ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಕೇಳಿದರು: "ಇದು ಈಗ ಬಂದಿದ್ದನಾ ರಘು?"

"ಹ್ಞೂಂ. ಈಗ, ಈಚೆಗೆ" ಎಂದೆ.

ನನ್ನ ಗುರುಗಳಿಗೆ ನಾನು ಹೇಳಿದ ಸುಳ್ಳು ಅದು. ಬಾಯಿಗೆ ಎಷ್ಟು ಸಲೀಸಾಗಿ ಬಂತು! "ಹಾಗಾದ್ರೆ ನಮ್ಮ ಗ್ರಹಚಾರ. ಇರ್ಲಿ ಬಿಡು, ಜನರಲ್ಲಲ್ಲೇ ತಗೊಳ್ತಾಳೆ" ಎಂದು ಎದ್ದರು. ಬಾಗಿಲಿನ ತನಕ ಹೋಗಿ ತಿರುಗಿ, "ಅವಳಿಗೆ ಈಗ ಹೇಳ್ಬೇಡ. ಪರೀಕ್ಷೆ ಹತ್ರ ಬಂತು" ಎಂದರು.

ಸೌಂದರ್ಯಾ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು. ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ. ಸಿಇಟಿಯಲ್ಲಿ ಉತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು, ಅಲ್ಲಿ ಜಮಾಯಿಸಿದಳು. ಪಿಯುಸಿಯಲ್ಲಿ ಪುಟಗಟ್ಟಲೆ ವಾಕ್ಯ ಬರೆಯಬೇಕು. ಜೀವಶಾಸ್ತ್ರದಲ್ಲಿ ಎಂಬತ್ತೆಂಟು, ರಸಾಯನಶಾಸ್ತ್ರದಲ್ಲಿ ಎಂಬತ್ತು ಬಂತು, ಭೌತಶಾಸ್ತ್ರದಲ್ಲಿ ಅರವತ್ತೊಂಬತ್ತಕ್ಕೆ ನಿಂತುಬಿಟ್ಟಿತು. ಸಿಇಟಿ, ಪಿಯುಸಿ ಎರಡನ್ನೂ ಕೂಡಿಸಿ ರ‍್ಯಾಂಕು ಬಂದಾಗ ಸಾವಿರದ ಆರುನೂರು ದಾಟಿತ್ತು. ಸಿಗಬಹುದು, ಸಿಗದೆಯೂ ಇರಬಹುದು, ಅಂಥ ಜಾಗ. ಮೇಷ್ಟ್ರು, ಪುಟ್ಟಪ್ಪ, ಸೌಂದರ್ಯಾ ಮೂವರೂ ಸೀಟು ಹಂಚುವ ದಿನ ಬೆಂಗಳೂರಿಗೆ ಬಸ್ಸು ಹತ್ತಿದರು. ಅನ್ನಮ್ಮ ಆ ದಿನ ಉಪವಾಸ ಇದ್ದಳಂತೆ.

ಅಲ್ಲಿ ನಡೆದದ್ದನ್ನು ಪುಟ್ಟಪ್ಪ ನನಗೆ ಹೇಳಿದ. ದೊಡ್ಡ ಹಾಲು, ಮುಂದೆ ಟೀವಿಯಂಥದ್ದು, ಅದರಲ್ಲಿ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ತೋರಿಸುತ್ತಿದ್ದರಂತೆ. "ನಮ್ಮ ಸಾಲಲ್ಲಿ ಬೆಳಿಗ್ಗೆ ಹನ್ನೊಂದು ಸೀಟು ಇತ್ತು ರಘು. ಒಂದೊಂದು ಹೆಸರು ಕರೆದ ಹಾಗೂ ಇಳೀತಾ ಬಂತು. ಆರು, ನಾಲ್ಕು, ಎರಡು. ಮಧ್ಯಾಹ್ನ ಸೊನ್ನೆ. ಇವಳ ಹೆಸರಿಗೆ ಇನ್ನೂ ತೊಂಬತ್ತು ಜನ ಇದ್ರು. ಪಕ್ಕದ ಸಾಲು ಹಳ್ಳಿಯವ್ರದ್ದಂತೆ, ಅಲ್ಲಿ ಏಳು ಹಾಗೇ ಇತ್ತು. ನಂಗೆ ಗೊತ್ತಾಗ್ಲಿಲ್ಲ, ನಮ್ದೂ ಹಳ್ಳಿಯೇ ಅಲ್ವನಾ ಮೇಷ್ಟ್ರೇ ಅಂತ ಕೇಳ್ದೆ."

ಸೌಂದರ್ಯಾಳ ಸರದಿ ಕಳೆದ ಮೇಲೆ ಅವಳ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳನ್ನು ಕರೆದರಂತೆ. ಇವಳಿಗಿಂತ ಮುನ್ನೂರು ರ‍್ಯಾಂಕ್ ಹಿಂದೆ ಇದ್ದವಳು. ಹಳ್ಳಿಯ ಸಾಲಿನಲ್ಲಿ ಅವಳಿಗೆ ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿತು. ಅವಳ ಅಪ್ಪ ಹಾಲಿನಲ್ಲೇ ಅತ್ತನಂತೆ. ಸೌಂದರ್ಯಾ ಆ ಹುಡುಗಿಯ ಕೈ ಕುಲುಕಿ, "ಚೆನ್ನಾಗಿ ಓದು" ಎಂದು ಹೇಳಿ ಹೊರಗೆ ಬಂದಳಂತೆ. ಬಸ್ಸಿನಲ್ಲಿ ಚಿಕ್ಕಮಗಳೂರು ಬರುವ ತನಕ ಕಿಟಕಿಗೆ ತಲೆ ಆನಿಸಿ ಕೂತಿದ್ದಳಂತೆ. ಆಮೇಲೆ, "ಮೇಷ್ಟ್ರೇ, ನೀವು ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದಳಂತೆ. ಇದನ್ನು ಹೇಳುವಾಗ ಪುಟ್ಟಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ. ನಾನು ಫೈಲು ಹುಡುಕುವವನ ಹಾಗೆ ಬೀರುವಿನ ಕಡೆ ತಿರುಗಿದೆ.

ಮೂರು ದಿನ ಬಿಟ್ಟು ಮೇಷ್ಟ್ರು ಬಂದರು. ಊಟದ ಹೊತ್ತು, ಆಫೀಸಿನಲ್ಲಿ ನಾನೊಬ್ಬನೇ ಇದ್ದೆ. ನೋಟ್ ಪುಸ್ತಕದ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದರು. ಅವರು ಪೇಟೆಗೆ ತಂದ ಮಕ್ಕಳ ಹೆಸರು, ಇಸವಿ ಸಹಿತ. ಹದಿನೇಳು ಹೆಸರು. ಮೊದಲನೆಯದು ನನ್ನದು.

"ಬೆಂಗಳೂರಲ್ಲಿ ಒಬ್ಬ ಅಧಿಕಾರಿ ಹತ್ರ ಕೇಳ್ದೆ ರಘು. ಆ ನಿಯಮ ಬಂದು ನಾಲ್ಕೈದು ವರ್ಷ ಆತಂತೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹೇಳಿಕೊಡುವಾಗ ಒಂದೊಂದೇ ಹೆಜ್ಜೆ ಕೇಳುತ್ತಿದ್ದ ಹಾಗೆಯೇ ಕೇಳಿದರು. "ಅರುಣ ನಿನ್ನ ಹತ್ರ ಬಂದಿದ್ನಾ?"

"ಬಂದಿದ್ದ."

"ಮೋಹಿತ್?"

"ಅವನೂ ಬಂದಿದ್ದ. ಹಿಂದೆ ಕಳಿಸ್ದೆ."

"ಯಾವಾಗ?"

"ಸೌಂದರ್ಯಾನ ನೀವು ಕರ್ಕೊಂಡು ಬರೋ ಮೊದ್ಲು."

ಬೈಯುತ್ತಾರೆ ಎಂದು ಕಾದೆ. ದೇವರಾಣೆ, ಬೈಯಲಿ ಎಂದು ಬೇಡಿಕೊಂಡೆ. ಎಲ್ಲರ ಎದುರು ಕಪಾಳಕ್ಕೆ ಬಾರಿಸಿದ್ದರೂ ಸುಖವಾಗಿ ಮನೆಗೆ ಹೋಗುತ್ತಿದ್ದೆ. ಅವರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. "ನೀನು ಹೇಳ್ಬೇಕಿತ್ತು ಮಾರಾಯ" ಎಂದರು. ಅಷ್ಟೇ. ಮೆಟ್ಟಿಲು ಇಳಿಯುವಾಗ ಕಂಬ ಹಿಡಿದುಕೊಂಡರು. ಅವರು ಕಂಬ ಹಿಡಿದು ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ವಾರವೇ ಪುಟ್ಟಪ್ಪ ಮತ್ತೆ ನನ್ನನ್ನು ಹುಡುಕಿಕೊಂಡು ಬಂದ. "ಮೇಷ್ಟ್ರು ನಮ್ಮನೆಗೆ ಬಂದಿದ್ರು. ಜಗಲಿ ಹತ್ಲೇ ಇಲ್ಲ. ಅಂಗಳದಲ್ಲೇ ನಿಂತು, ಪುಟ್ಟಪ್ಪ, ನಿನ್ನ ಮಗಳ ಸೀಟು ಹೋಗಿದ್ದು ನನ್ನಿಂದ, ಪೇಟೆಗೆ ಕರ್ಕೊಂಡು ಹೋಗದೆ ಇದ್ದಿದ್ರೆ ಸಿಕ್ತಿತ್ತು ಅಂತ ಕೈ ಮುಗಿದ್ರು. ಅನ್ನಮ್ಮ ಅಳ್ತಾ ಒಳಗೆ ಹೋದ್ಲು. ಸೌಂದರ್ಯಾ ಅವ್ರ ಕೈ ಹಿಡ್ಕೊಂಡು ಬಿಡ್ಸಿದ್ಲು."

"ಬೇರೆ ಯಾರ ಹೆಸರನ್ನಾದ್ರೂ ಹೇಳಿದ್ರಾ?" ಎಂದು ಕೇಳಿದೆ. ನೋಡಿ ನನ್ನ ಯೋಗ್ಯತೆ!

"ಬೇರೆ ಯಾರ ಹೆಸರು? ಎಲ್ಲ ನಂದೇ ಅಂದ್ರು. ನಮ್ಮ ಮಾತು ಕೇಳಲ್ಲ ಅವರು. ನೀನು ಅವರ ಕೈಯಲ್ಲಿ ಬೆಳೆದವ್ನು, ನಿಯಮ ಗಿಯಮ ತಿಳಿದವ್ನು. ನೀನಾದ್ರೂ ಒಂದ್ಸಲ ಹೇಳು ರಘು, ಅವರದ್ದು ತಪ್ಪಿಲ್ಲ ಅಂತ."

"ಹೇಳ್ತೀನಿ ಪುಟ್ಟಪ್ಪಣ್ಣ" ಎಂದೆ. ಹೋಗಲಿಲ್ಲ. ಹೋಗಿ ಅವರ ಎದುರು ಹೇಗೆ ನಿಲ್ಲಲಿ?

ಮೇಷ್ಟ್ರು ಆಮೇಲೆ ಕೊಪ್ಪಕ್ಕೆ ಬರುವುದನ್ನೇ ಕಡಿಮೆ ಮಾಡಿದರು. ಸಂಜೆಯ ಪಾಠವೂ ನಿಂತಿತು. ಮಕ್ಕಳನ್ನು ಕಳಿಸಿ ಎಂದು ತುಂಗಮ್ಮ ಮನೆಮನೆಗೆ ಹೇಳಿ ಬಂದರಂತೆ. ಬಂದ ಮಕ್ಕಳನ್ನು ಅವರು, "ನಿಮ್ಮ ಶಾಲೆ ಮೇಷ್ಟ್ರನ್ನೇ ಕೇಳಿ, ನಂಗೆ ಈಗಿನ ಕಾಲದ್ದು ಗೊತ್ತಾಗಲ್ಲ" ಎಂದು ಹಿಂದೆ ಕಳಿಸಿದರಂತೆ. ಮೂವತ್ತೈದು ವರ್ಷ ಪಾಠ ಹೇಳಿದ ಮನುಷ್ಯ! ತುಂಗಮ್ಮ ಅದನ್ನು ನನಗೆ ಹೇಳಿ, "ಎಂತ ಆತು ಇವ್ರಿಗೆ, ನಿಂಗಾದ್ರೂ ಗೊತ್ತಾ ರಘು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಸೌಂದರ್ಯಾ ಮರುವರ್ಷ ಮತ್ತೆ ಸಿಇಟಿ ಬರೆಯಬಹುದಿತ್ತು. ಆದರೆ ಪಿಯುಸಿಯ ಅರ್ಧ ಅಂಕ ಅಲ್ಲೇ ಇರುತ್ತದೆ, ಅದು ಬದಲಾಗುವುದಿಲ್ಲ. ಸೌಂದರ್ಯಾ ತಾನೇ ಬೇಡ ಎಂದಳು. ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮಾಡಿ, ನರಸಿಂಹರಾಜಪುರದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ರಕ್ತ ತೆಗೆದು, ಪರೀಕ್ಷೆ ಮಾಡಿ, ಡಾಕ್ಟರಿಗೆ ಚೀಟಿ ಬರೆದುಕೊಡುವ ಕೆಲಸ. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಜೋರಾದಾಗ ತುಂಗಮ್ಮ ಅವರನ್ನು ಅಲ್ಲಿಗೇ ಕರೆದುಕೊಂಡು ಹೋದರು. ಅವಳು ತೋಳಿಗೆ ಪಟ್ಟಿ ಕಟ್ಟುವಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡುಬಿಟ್ಟರಂತೆ. ಸೂಜಿಗೆ ಹೆದರಿದರೆಂದು ತುಂಗಮ್ಮ ನಕ್ಕರಂತೆ. ಸೌಂದರ್ಯಾ ನಗಲಿಲ್ಲವಂತೆ.

ಎರಡು ಸಾವಿರದ ಎಂಟರ ಫೆಬ್ರವರಿಯಲ್ಲಿ ಮೇಷ್ಟ್ರು ತೀರಿಕೊಂಡರು. ಹದಿನೇಳರಲ್ಲಿ ಹನ್ನೆರಡು ಜನ ಬಂದಿದ್ದರು. ಸೌಂದರ್ಯಾ ಹೆಣದ ಕಾಲಬುಡದಲ್ಲಿ ತುಂಗಮ್ಮನನ್ನು ಹಿಡಿದುಕೊಂಡು ಕೂತಿದ್ದಳು. ಪುಟ್ಟಪ್ಪ ನನ್ನ ಪಕ್ಕಕ್ಕೆ ಬಂದು ನಿಂತ. "ಅವತ್ತು ನೀನು ಹೇಳಿದ್ಯನಾ ಅವರಿಗೆ, ಅವರದ್ದು ತಪ್ಪಿಲ್ಲ ಅಂತ?" ಎಂದು ಮೆಲ್ಲಗೆ ಕೇಳಿದ.

"ಹೇಳಿದ್ದೆ" ಎಂದೆ.

"ಒಳ್ಳೇದು ಮಾಡ್ದೆ. ಅಷ್ಟಾದ್ರೂ ಸಮಾಧಾನ ಆಗಿರ್ತದೆ ಅವರಿಗೆ" ಎಂದು ನನ್ನ ಬೆನ್ನು ತಟ್ಟಿದ.

ಮೇಷ್ಟ್ರ ಬಗ್ಗೆ ನಾಲ್ಕು ಸಾಲು ಬರೆದುಕೊಡು ಎಂದು ಊರಿನವರು ಕೇಳಿ ಒಂದು ವರ್ಷವಾಯಿತು. ಶಾಲೆಯ ಸ್ಮರಣಸಂಚಿಕೆಗಂತೆ. ಒಳ್ಳೆಯ ಮಾತು ನಾಲ್ಕು ಬರೆದು ಮುಗಿಸಬಹುದಿತ್ತು, ಮೂರು ಸಲ ಹಾಗೆಯೇ ಬರೆದು ಹರಿದೆ. ಈಗ ಬರೆದಿರುವುದು ಇದು. ಪುಟ್ಟಪ್ಪಣ್ಣನಿಗೆ ಓದಲು ಬರುತ್ತದೆ, ಸೌಂದರ್ಯಾಳಿಗೂ ಬರುತ್ತದೆ. ಅವರಿಬ್ಬರೂ ಓದಲಿ.